ವರ್ಡ್‌ಪ್ರೆಸ್‌ನಲ್ಲಿ ಕನ್ನಡ ಬರಹಗಳ ಲಿಂಕ್ ಚೊಕ್ಕವಾಗಿ ಬರಬೇಕಾದರೆ ಏನು ಮಾಡಬೇಕು?

ನೀವು ಎರಡು ತೊಂದರೆ ಹೇಳಿದ್ದೀರಿ. ಅಡುಗೆ ಸೈಟಿನ ಪರ್ಮಾಲಿಂಕನ್ನು (ಬರಹಗಳ ಕಾಯಂ ವಿಳಾಸದ ಮಾದರಿ) ನಂಬರಿನಿಂದ ‘ಪೋಸ್ಟ್ ನೇಮ್’ಗೆ ಬದಲಾಯಿಸಿದ ಮೇಲೆ ಒಳಗಿನ ಪುಟಗಳೆಲ್ಲ 404 (ಪುಟ ಸಿಗಲಿಲ್ಲ) ಅನ್ನುತ್ತಿವೆ. ಜೊತೆಗೆ, ಲಿಂಕನ್ನು ವಾಟ್ಸಾಪ್‌ಗೆ ಹಾಕಿದರೆ ಬರೀ ಪರ್ಸೆಂಟ್ ಗುರುತುಗಳ ರಾಶಿ.

404 ಸುಲಭ. ಸೆಟ್ಟಿಂಗ್ಸ್‌ನಲ್ಲಿ ಪರ್ಮಾಲಿಂಕ್ಸ್ ತೆರೆದು, ಏನೂ ಬದಲಾಯಿಸದೆ ಸುಮ್ನೆ ಸೇವ್ ಒತ್ತಿ. ವಿಳಾಸದ ನಿಯಮಗಳು ಹೊಸದಾಗಿ ಬರೆದುಕೊಳ್ಳುತ್ತವೆ. ಆಗಲೂ ಸರಿಹೋಗದಿದ್ದರೆ ಸರ್ವರ್ ಕಡೆ ನೋಡಬೇಕು. ಸರ್ವರ್ ಸಾಫ್ಟ್‌ವೇರ್ ಅಪಾಚೆ ಆದರೆ ಮಾಡ್ ರೀರೈಟ್ (mod_rewrite) ಆನ್ ಇರಬೇಕು, ಡಾಟ್ ಎಚ್‌ಟಿಆಕ್ಸೆಸ್ (.htaccess) ಫೈಲ್ ಓದಲು ಅನುಮತಿ ಇರಬೇಕು. ಎಂಜಿನ್ಎಕ್ಸ್ (Nginx) ಎಂಬ ಇನ್ನೊಂದು ಸರ್ವರ್ ಸಾಫ್ಟ್‌ವೇರ್ ಆ ಫೈಲನ್ನು ನೋಡುವುದೇ ಇಲ್ಲ. ಅದರ ಕಾನ್ಫಿಗ್‌ನಲ್ಲೇ ಟ್ರೈ ಫೈಲ್ಸ್ (try_files) ಸಾಲು ಹಾಕಿಸಿ.

ಎರಡನೆಯದೇ ಮುಖ್ಯ. ವರ್ಡ್‌ಪ್ರೆಸ್ ಶೀರ್ಷಿಕೆಯನ್ನೇ ಲಿಂಕ್ ಮಾಡುತ್ತದೆ, ಅಲ್ವಾ? ಆದರೆ ಅದನ್ನು ಎನ್‌ಕೋಡ್ ಮಾಡಿ, ಅಂದರೆ ಪರ್ಸೆಂಟ್ ಗುರುತಿನ ಸಂಕೇತಗಳಾಗಿ ಬದಲಿಸಿ, ಇಟ್ಟುಕೊಳ್ಳುತ್ತದೆ. ‘ಕ’ ಒಂದಕ್ಕೇ 9 ಜಾಗ ಬೇಕು. ಒತ್ತು, ಕೊಂಬು, ಗುಡಿಸು ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ‘ಕ್ಷಿ’ ಅಂದರೆ ಕ, ವಿರಾಮ (ಅಕ್ಷರದ ಸ್ವರ ತೆಗೆಯುವ ಗುರುತು), ಷ, ಗುಡಿಸು, ಒಟ್ಟು 36. ಇರುವ ಜಾಗ ಮಾತ್ರ 200. ‘ಮಲೆನಾಡಿನ ಕಳಲೆ ಪಲ್ಯ ಮಾಡೋದು ಹೇಗೆ’ ಎಂದು ಶೀರ್ಷಿಕೆ ಕೊಟ್ಟರೆ ಲಿಂಕ್ ‘ಮಾಡೋದ’ಕ್ಕೆ ನಿಂತುಬಿಡುತ್ತದೆ. ಕೊನೆಯ ಕೊಂಬಿಗೂ ಜಾಗ ಸಾಲುವುದಿಲ್ಲ! ‘ಹೇಗೆ’ ಬದಲು ‘ಸುಲಭ’ ಅಂತ ಇನ್ನೊಂದು ಬರಹ ಹಾಕಿದರೆ ಲಿಂಕ್ ಅದೇ ಆಗಿ, ಕೊನೆಗೆ ಒಂದು 2 ಅಂಟಿಕೊಳ್ಳುತ್ತದೆ.

ಅದಕ್ಕೇ ಪಬ್ಲಿಷ್ ಒತ್ತುವ ಮೊದಲು ಸ್ಲಗ್ (ಲಿಂಕಿನಲ್ಲಿ ಬರಹದ ಹೆಸರಿರುವ ಭಾಗ) ಜಾಗದಲ್ಲಿ ನೀವೇ ಟೈಪ್ ಮಾಡಿ. ಎರಡು ಮೂರು ಪದ ಸಾಕು, ನಡುವೆ ಹೈಫನ್ ಇರಲಿ, ಅಂಡರ್‌ಸ್ಕೋರ್ ಬೇಡ. ‘ಕಳಲೆ-ಪಲ್ಯ’ ಅಂದರೆ ಯಾವ ಪುಟ ಅಂತ ಯಾರಿಗೂ ಗೊತ್ತಾಗುತ್ತದೆ. ಕನ್ನಡ ಲಿಪಿಯಲ್ಲಿದ್ದರೂ ಗೂಗಲ್‌ಗೆ ಅರ್ಥವಾಗುತ್ತದೆ, ಆ ಭಯ ಬೇಡ. ಲಿಂಕಿನಲ್ಲಿರುವ ಪದಗಳಿಂದ ರ‍್ಯಾಂಕ್‌ಗೆ ಸಿಗುವ ಲಾಭವೂ ಬಹಳ ಸಣ್ಣದು. ಆದರೂ ನಿಮ್ಮ ಓದುಗರು ಜಾಸ್ತಿ ವಾಟ್ಸಾಪ್‌ನಿಂದಲೇ ಬರುವವರಾದರೆ, ಅದೇ ಕನ್ನಡ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ ಎನ್ನುತ್ತೇನೆ. ಅಮ್ಮಂದಿರ ಗ್ರೂಪಿನಲ್ಲಿ ಪರ್ಸೆಂಟ್ ಸಾಲು ಕಂಡರೆ ವೈರಸ್ ಲಿಂಕ್ ಅಂದುಕೊಂಡು ಬಿಟ್ಟುಬಿಡುತ್ತಾರೆ. ಬರೆದವರ ಶ್ರಮ ಹಾಗೆ ಹಾಳಾಗಬಾರದು.

ಲಿಂಕಿನಲ್ಲಿ ತಾರೀಕು ಇರುವ ಮಾದರಿ ಸುದ್ದಿಗೆ ಸರಿ, ಅಡುಗೆಗೆ ಬೇಡ.

ಹಳೆಯ ನಂಬರ್ ಲಿಂಕ್‌ಗಳ ಚಿಂತೆ ಬಿಡಿ, ಅವು ‘?p=123’ ತರಹದವಾದರೆ ತಾವಾಗಿಯೇ ಹೊಸದಕ್ಕೆ ಹೋಗುತ್ತವೆ. ಪ್ರಕಟವಾದ ಬರಹದ ಸ್ಲಗ್ ತಿದ್ದಿದರೂ ವರ್ಡ್‌ಪ್ರೆಸ್ ಹಳೆಯದನ್ನು ನೆನಪಿಟ್ಟುಕೊಂಡು ಹೊಸದಕ್ಕೆ ಕಳಿಸುತ್ತದೆ. ಹಾಗಂತ ಎಲ್ಲವನ್ನೂ ತಿದ್ದಲು ಕೂರಬೇಡಿ. ಅರ್ಧಕ್ಕೆ ತುಂಡಾದವನ್ನು ಮಾತ್ರ ಸರಿಮಾಡಿ, ಉಳಿದವು ಇದ್ದ ಹಾಗೇ ಇರಲಿ.