ಚರ್ಚಿನ ಆಸ್ತಿಯಲ್ಲಿ ಬಡವರ ಪಾಲೆಷ್ಟು?

ಪ್ರಶ್ನೆ: ಚರ್ಚುಗಳ ಬಳಿ ಜಮೀನು, ಕಟ್ಟಡ, ಚಿನ್ನದ ಪಾತ್ರೆ ಎಲ್ಲವೂ ಇವೆ. ಮಾರಿ ಬಡವರಿಗೆ ಹಂಚಬಾರದೇಕೆ?

ಉತ್ತರ: ಮಾರಲೇಬಾರದು ಎಂಬ ನಿಯಮವೇನೂ ಇಲ್ಲ, ಮಾರಿದವರೂ ಇದ್ದಾರೆ. ನಾಲ್ಕನೇ ಶತಮಾನದಲ್ಲಿ ಮಿಲಾನಿನ ಬಿಷಪ್ ಆಂಬ್ರೋಸ್ ಸೆರೆಸಿಕ್ಕವರನ್ನು ಬಿಡಿಸಲು ಚರ್ಚಿನ ಪೂಜಾಪಾತ್ರೆಗಳನ್ನೇ ಕರಗಿಸಿದರು. ಆಕ್ಷೇಪ ಬಂದಾಗ, ಚರ್ಚಿಗೆ ಚಿನ್ನ ಇರುವುದು ಕಷ್ಟದಲ್ಲಿರುವವರ ಕೈಹಿಡಿಯಲಿಕ್ಕೆ ಎಂದು ಬರೆದು ಸಮರ್ಥಿಸಿಕೊಂಡರು. 1964ರಲ್ಲಿ ಪೋಪ್ ಆರನೇ ಪೌಲ್ ತಮ್ಮ ಕಿರೀಟವನ್ನು ಬಡವರಿಗಾಗಿ ಎಂದು ಬಲಿಪೀಠದ ಮೇಲೆ ಇಟ್ಟುಬಿಟ್ಟರು.

ಕಥೋಲಿಕ ಧರ್ಮಸಭೆಯ ಈಗಿನ ಕಾನೂನು 1983ರ ಸಂಹಿತೆ. ಅದರ 1254ನೇ ವಿಧಿ ಆಸ್ತಿ ಇಟ್ಟುಕೊಳ್ಳಲು ಮುಖ್ಯವಾಗಿ ಮೂರು ಕಾರಣ ಹೇಳುತ್ತದೆ: ಆರಾಧನೆ, ಗುರುಗಳ (ಪಾದ್ರಿಗಳ) ಮತ್ತು ಸೇವಕರ ಜೀವನಾಧಾರ, ಧರ್ಮಪ್ರಚಾರ ಮತ್ತು ಪರೋಪಕಾರ, ಅದರಲ್ಲೂ ಬಡವರ ಸೇವೆ. ಆಸ್ತಿ ಮಾರಲು ನ್ಯಾಯವಾದ ಕಾರಣ ಬೇಕು ಎನ್ನುವ 1293ನೇ ವಿಧಿ ಪರೋಪಕಾರವನ್ನೂ ಅಂಥ ಕಾರಣವೆಂದು ಒಪ್ಪುತ್ತದೆ. ತಜ್ಞರಿಂದ ಲಿಖಿತ ಬೆಲೆಪಟ್ಟಿ ತರಿಸಬೇಕು, ಸಾಮಾನ್ಯವಾಗಿ ಅದಕ್ಕಿಂತ ಕಡಿಮೆಗೆ ಮಾರುವಂತಿಲ್ಲ. ಆಸ್ತಿ ನೋಡಿಕೊಳ್ಳುವವರು ಅದನ್ನು ತಮ್ಮ ಹತ್ತಿರದ ಬಂಧುಗಳಿಗೆ ಮಾರಬೇಕಾದರೆ ವಿಶೇಷ ಲಿಖಿತ ಅನುಮತಿ ಬೇಕು. ಬೆಲೆ ಒಂದು ಮಿತಿ ದಾಟಿದರೆ, ಅಥವಾ ಕಲೆ, ಇತಿಹಾಸದ ದೃಷ್ಟಿಯಿಂದ ವಸ್ತು ಅಮೂಲ್ಯವಾಗಿದ್ದರೆ, ರೋಮಿನ, ಅಂದರೆ ಪೋಪರ ಆಡಳಿತದ, ಒಪ್ಪಿಗೆಯೂ ಆಗಬೇಕು. ಈ ಅಡೆತಡೆ ಕಂಡು ಸಿಟ್ಟಾಗುವವರುಂಟು. ಆದರೆ ಇವು ಇಲ್ಲದ ಕಡೆ ಜಮೀನು ಅಗ್ಗಕ್ಕೆ ಯಾರದೋ ಭಾವಮೈದುನನ ಪಾಲಾಗುತ್ತದೆ, ಬಡವರ ಪಾಲಲ್ಲ.

ಮಾರುವ ಮೊದಲು ಆಸ್ತಿಯನ್ನು ಬಗೆಬಗೆಯಾಗಿ ಬೇರ್ಪಡಿಸಬೇಕು. ಬಾಡಿಗೆ ತರುವ ಕಟ್ಟಡ, ಇಡುಗಂಟು ಒಂದು ಬಗೆ. ನೂರು ಪಾಲು ಇಡುಗಂಟಿನ ಗಳಿಕೆಯಿಂದ ವರ್ಷಕ್ಕೆ ನಾಲ್ಕು ಪಾಲು ತೆಗೆದರೆ ಇಪ್ಪತ್ತೈದು ವರ್ಷದಲ್ಲಿ ನೂರು ಪಾಲು ಬಡವರಿಗೆ ಸೇರುತ್ತದೆ, ಬೇರೂ ಉಳಿದಿರುತ್ತದೆ. ಆರಾಧನೆಗೆ ದಿನಾ ಬಳಸುವ ಕಟ್ಟಡ ಇನ್ನೊಂದು ಬಗೆ; ಅದು ಬೆಲೆಬಾಳುವುದಕ್ಕಿಂತ ಖರ್ಚು ತರುವುದೇ ಹೆಚ್ಚು. ಯಾವ ಉಪಯೋಗಕ್ಕೂ ಬಾರದೆ ಬೇಲಿಯೊಳಗೆ ಬಿದ್ದಿರುವ ಜಮೀನು, ಬೀಗ ಹಾಕಿದ ಮನೆ, ವರ್ಷವರ್ಷವೂ ಬೆಳೆಯುತ್ತಲೇ ಇರುವ ಉಳಿತಾಯ ಮೂರನೆಯದು. ಮಾರಾಟದ ಪ್ರಶ್ನೆಯನ್ನು ಮೊದಲು ಕೇಳಬೇಕಾದದ್ದು ಇಲ್ಲಿ. ಚಿನ್ನದ ಪಾತ್ರೆ ಕಣ್ಣಿಗೆ ಬೀಳುತ್ತದೆ, ಬ್ಯಾಂಕಿನ ಠೇವಣಿ ಬೀಳುವುದಿಲ್ಲ. ಹಾಗಾಗಿ ಜಗಳವೆಲ್ಲ ಪಾತ್ರೆಯ ಮೇಲೆಯೇ ನಡೆಯುತ್ತದೆ.

ಪ್ರಶ್ನೆ: ಆದಾಯದಲ್ಲಿ ಇಂತಿಷ್ಟು ಬಡವರಿಗೆ ಎಂಬ ಲೆಕ್ಕ ಎಂದಾದರೂ ಇತ್ತೇ?

ಉತ್ತರ: ಇತ್ತು. ಐದನೇ ಶತಮಾನದ ಕೊನೆಯ ಹೊತ್ತಿಗೆ ರೋಮಿನ ಪೋಪರು ಚರ್ಚಿನ ಆದಾಯವನ್ನು ನಾಲ್ಕು ಭಾಗ ಮಾಡುವಂತೆ ಬರೆಯುತ್ತಿದ್ದರು: ಬಿಷಪರಿಗೊಂದು, ಗುರುಗಳಿಗೊಂದು, ಕಟ್ಟಡಕ್ಕೊಂದು, ಬಡವರಿಗೊಂದು. ಇಂಗ್ಲೆಂಡಿಗೆ ಹೋಗಿದ್ದ ಅಗಸ್ಟೀನರಿಗೆ ಪೋಪ್ ಗ್ರೆಗೊರಿ ಕೊಟ್ಟ ಉತ್ತರದಲ್ಲೂ ಇದೇ ಪದ್ಧತಿಯ ಮಾತಿದೆ. ಇದಕ್ಕೂ ಮುಂಚೆ, ಸುಮಾರು 251ರಲ್ಲಿ, ರೋಮಿನ ಬಿಷಪ್ ಕೊರ್ನೇಲಿಯಸ್ ತಮ್ಮ ಸಭೆ 1,500ಕ್ಕೂ ಹೆಚ್ಚು ವಿಧವೆಯರನ್ನೂ ಕಷ್ಟದಲ್ಲಿರುವವರನ್ನೂ ಸಾಕುತ್ತಿದೆ ಎಂದು ಬರೆದಿದ್ದರು. ಆಗ ಅವರಿಗಿದ್ದ ಗುರುಗಳು 46.

ಕಾಲು ಭಾಗ ಎಂಬುದು ಇಂದು ಕಡ್ಡಾಯವಲ್ಲ. ಬಿಷಪರ ಪಾಲು ಬೇರೆ ರೂಪ ತಾಳಿದೆ, ಆಸ್ಪತ್ರೆ, ಶಾಲೆಗಳು ಪ್ರತ್ಯೇಕ ಸಂಸ್ಥೆಗಳಾಗಿವೆ. ಆದರೂ ಅಳೆದು ನೋಡಲು ಇದಕ್ಕಿಂತ ಒಳ್ಳೆಯ ಕೋಲು ಇಲ್ಲ.

ಪ್ರಶ್ನೆ: ನಮ್ಮ ಚರ್ಚು "ಆದಾಯದ ಮೂರನೇ ಒಂದು ಭಾಗ ಸೇವೆಗೆ" ಎಂದು ವರದಿಯಲ್ಲಿ ಹಾಕಿದೆ. ನಿಜವೋ ಸುಳ್ಳೋ ತಿಳಿಯುವುದು ಹೇಗೆ?

ಉತ್ತರ: ಒಂದು ವರ್ಷದ ಲೆಕ್ಕದಿಂದ ಏನೂ ಗೊತ್ತಾಗದು. ಬೆನ್ನುಬೆನ್ನಿಗೆ ಮೂರು ವರ್ಷದ್ದು ಕೇಳಿ: ಜಮಾ-ಖರ್ಚು, ಆಸ್ತಿ-ಹೊಣೆ ಪಟ್ಟಿ, ಪ್ರತಿ ನಿಧಿಯ ಆರಂಭದ ಮತ್ತು ಕೊನೆಯ ಶಿಲ್ಕು. ಕೇಳುವುದಕ್ಕೆ ಸಂಕೋಚ ಬೇಡ. ಭಕ್ತರು ಕೊಟ್ಟ ಕಾಣಿಕೆಯ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕೆಂದು ಅದೇ ಸಂಹಿತೆಯ 1287ನೇ ವಿಧಿಯೇ ಹೇಳುತ್ತದೆ. ಪ್ರತಿ ಧರ್ಮಕೇಂದ್ರಕ್ಕೂ (ಸ್ಥಳೀಯ ಚರ್ಚಿಗೂ) ಹಣಕಾಸು ಸಮಿತಿ ಇರಲೇಬೇಕು, 537ನೇ ವಿಧಿ.

ಮೊದಲು ಹಿಂದಿನ ವರ್ಷದ ಕೊನೆಯ ಶಿಲ್ಕೂ ಈ ವರ್ಷದ ಆರಂಭದ ಶಿಲ್ಕೂ ತಾಳೆಯಾಗುತ್ತದೆಯೇ ನೋಡಿ. ಆಮೇಲೆ ಒಟ್ಟು ಆದಾಯದಿಂದ ದಾನಿಗಳು ನಿರ್ದಿಷ್ಟ ಕೆಲಸಕ್ಕೆಂದೇ ಕೊಟ್ಟದ್ದನ್ನು ಕಳೆಯಿರಿ. ಆದಾಯ 100, ಅದರಲ್ಲಿ ಗೋಪುರಕ್ಕೆಂದು ಬಂದದ್ದು 40 ಎಂದಿಟ್ಟುಕೊಳ್ಳಿ. ಚರ್ಚು ತನ್ನ ಇಷ್ಟದಂತೆ ಖರ್ಚು ಮಾಡಬಹುದಾದದ್ದು 60. ಅದರಲ್ಲಿ ಬಡವರಿಗೆ ಹೋದದ್ದು 9 ಆದರೆ ನಿಜವಾದ ಪ್ರಮಾಣ ನೂರಕ್ಕೆ 15.

ಈಗ "ಸೇವೆ" ಎಂಬ ತಲೆಬರಹದ ಕೆಳಗೆ ಏನೇನಿದೆ ನೋಡಿ. ಪೂರ್ತಿ ಶುಲ್ಕ ವಸೂಲಿ ಮಾಡುವ ಶಾಲೆಯ ಶಿಕ್ಷಕರ ಸಂಬಳ ಅಲ್ಲಿ ಸೇರಿದ್ದರೆ ಅದನ್ನು ತೆಗೆಯಿರಿ. ಬಡ ಮಕ್ಕಳಿಗೆ ಕೊಟ್ಟ ಶುಲ್ಕ ವಿನಾಯಿತಿ ಮಾತ್ರ ಉಳಿಯಲಿ. ಹೊರಗಿನ ಸಂಸ್ಥೆ ಕೊಟ್ಟ ಅನುದಾನ ಚರ್ಚಿನ ಕೈದಾಟಿ ಹೋಗಿದ್ದರೆ ಅದು ಚರ್ಚಿನ ಔದಾರ್ಯವಲ್ಲ. ಧರ್ಮಕೇಂದ್ರ ಮೇಲಕ್ಕೆ, ಬಿಷಪರ ಕಚೇರಿಗೆ, ಕಳುಹಿಸಿದ ಹಣವನ್ನು ಎರಡೂ ಕಡೆಯವರು ತಮ್ಮತಮ್ಮ ಸೇವೆಯೆಂದು ಬರೆದುಕೊಳ್ಳುವುದೂ ಉಂಟು, ಹೆಚ್ಚಿನ ಸಲ ದುರುದ್ದೇಶವಿಲ್ಲದೆ.

ಕೊನೆಗೆ ಬಡವರ ನಿಧಿ. ವರ್ಷಕ್ಕೆ 20 ಬಂದು 8 ಖರ್ಚಾಗಿ ಶಿಲ್ಕು ಬೆಳೆಯುತ್ತಿದ್ದರೆ ಎರಡೇ ಅರ್ಥ: ಸಹಾಯ ಕೇಳಲು ದಾರಿಯೇ ಇಲ್ಲ, ಇಲ್ಲವೇ ಆ ಹಣ ಇನ್ನಾವುದಕ್ಕೋ ಕಾದಿದೆ. ಠೇವಣಿ ಬೆಳೆಸುವುದರಲ್ಲೇ ತಪ್ಪಿದೆ ಎನ್ನಲಾಗದು, ಮರೆಮಾಚುವುದರಲ್ಲಿದೆ. 2023ರಲ್ಲಿ ಅಮೆರಿಕದ ಮಾರ್ಮನ್ ಚರ್ಚಿಗೂ ಅದರ ಹೂಡಿಕೆ ಸಂಸ್ಥೆಗೂ ಸೇರಿ 50 ಲಕ್ಷ ಡಾಲರ್ ದಂಡ ಬಿದ್ದದ್ದು ಕೂಡಿಟ್ಟದ್ದಕ್ಕಲ್ಲ. ಹೆಸರಿಗಷ್ಟೇ ಇದ್ದ ಕಂಪನಿಗಳ ಹಿಂದೆ ಷೇರುಗಳನ್ನು ಮುಚ್ಚಿಟ್ಟದ್ದಕ್ಕೆ.

ಪ್ರಶ್ನೆ: ಬಡವರಿಗೆಂದು ಎತ್ತಿದ ಹಣವನ್ನು ಚಾವಣಿ ರಿಪೇರಿಗೆ ಸಾಲವಾಗಿ ಬಳಸಬಹುದೇ?

ಉತ್ತರ: ಇಲ್ಲ. ಯಾವ ಉದ್ದೇಶಕ್ಕೆ ಕೊಟ್ಟರೋ ಅದಕ್ಕೇ ಬಳಸಬೇಕು, 1267ನೇ ವಿಧಿ. "ಸಾಲ" ಎಂದು ಬರೆದ ಮಾತ್ರಕ್ಕೆ ಉದ್ದೇಶ ಬದಲಾಗದು. ತೀರಿಸುವ ದಿನಾಂಕವಿಲ್ಲದ ಇಂಥ ಸಾಲ ಸಾಮಾನ್ಯವಾಗಿ ವಾಪಸು ಬರುವುದೂ ಇಲ್ಲ.

ಪ್ರಶ್ನೆ: ಚರ್ಚಿನ ಬಾಗಿಲಿಗೆ ಬಂದವರಿಗೆಲ್ಲ ನಗದು ಕೊಡುತ್ತಿದ್ದೇವೆ. ಮೋಸವಾಗುತ್ತಿದೆ ಎಂಬ ಅನುಮಾನ.

ಉತ್ತರ: ಊಟಕ್ಕೆ, ಪ್ರಯಾಣಕ್ಕೆ ಸಣ್ಣ ಮೊತ್ತವನ್ನು ವಿಚಾರಣೆಯಿಲ್ಲದೆ ಕೊಡಿ. ಅಲ್ಲಿ ಕೆಲವರು ಮೋಸ ಮಾಡಿದರೂ ನಷ್ಟ ಅಲ್ಪ, ತನಿಖೆಯ ಅವಮಾನ ಅದಕ್ಕಿಂತ ದೊಡ್ಡದು. ಬಾಡಿಗೆ, ಔಷಧಿ, ಶುಲ್ಕದಂಥ ದೊಡ್ಡ ಮೊತ್ತವನ್ನು ನೇರವಾಗಿ ಮನೆಮಾಲೀಕರಿಗೋ ಆಸ್ಪತ್ರೆಗೋ ಶಾಲೆಗೋ ಕಟ್ಟಿ ರಸೀದಿ ಪಡೆಯಿರಿ. ತೀರ್ಮಾನ ಇಬ್ಬರದಿರಲಿ, ಚೆಕ್ಕಿಗೆ ಎರಡು ಸಹಿ ಇರಲಿ. ಸಹಿ ಹಾಕುವ ಇಬ್ಬರೂ ಒಂದೇ ಮನೆಯವರಾಗಿರಬಾರದು. ವರ್ಷದ ವರದಿಯಲ್ಲಿ ಹೆಸರಿನ ಬದಲು ಕ್ರಮಸಂಖ್ಯೆ, ತಿಂಗಳು, ಕಾರಣ, ಮೊತ್ತ ಸಾಕು. ಹೆಸರುಳ್ಳ ಪುಸ್ತಕ ಬೀಗದೊಳಗಿರಲಿ, ಆಡಿಟರಿಗೆ ಮಾತ್ರ ತೋರಿಸಿ.