ಉತ್ತರ ಬರುತ್ತವೆ, ಕ್ಲಾಸು ಮಾತ್ರ ಸುಮ್ಮನಿದೆ

ಪ್ರಶ್ನೆ: ಸಿಂಧನೂರು ಕಡೆಯ ಡಿಗ್ರಿ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಕ್ಲಾಸಿನಲ್ಲಿ ಅರವತ್ತು ಜನ. 'ಅರ್ಥ ಆಯ್ತಾ?' ಎಂದರೆ ಎಲ್ಲರೂ 'ಹ್ಞೂಂ ಮೇಡಂ' ಅನ್ನುತ್ತಾರೆ, ಟೆಸ್ಟಿನಲ್ಲಿ ನೋಡಿದರೆ ಏನೂ ಇಲ್ಲ. ಪಾಠಕ್ಕೆ ಮೊದಲೇ ಗೂಗಲ್ ಫಾರ್ಮ್‌ನಲ್ಲಿ ಪ್ರಶ್ನೆ ಕಳಿಸಿ ಅಂತ ಟ್ರೇನಿಂಗ್‌ನಲ್ಲಿ ಹೇಳಿದರು. ಒಂದು ತಿಂಗಳಿಂದ ಕಳಿಸುತ್ತಿದ್ದೇನೆ. ಉತ್ತರ ಬರುತ್ತವೆ, ಕ್ಲಾಸಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?
– ಉಪನ್ಯಾಸಕಿ, ರಾಯಚೂರು ಜಿಲ್ಲೆ

ಉತ್ತರ: ಮೇಡಂ, ಬಂದ ಉತ್ತರಗಳನ್ನು ಯಾವಾಗ ಓದುತ್ತೀರಿ? ಪತ್ರದಲ್ಲಿ ಆ ಮಾತೇ ಇಲ್ಲ. ಕ್ಲಾಸಿಗೆ ಮುಂಚೆ ಓದಿ, ಅವತ್ತಿನ ಪಾಠವನ್ನು ಅದಕ್ಕೆ ತಕ್ಕ ಹಾಗೆ ಬದಲಾಯಿಸದಿದ್ದರೆ ಅದು ಇನ್ನೊಂದು ಹೋಂವರ್ಕ್ ಅಷ್ಟೇ, ಮಕ್ಕಳಿಗೂ ಅದು ಎರಡೇ ವಾರದಲ್ಲಿ ಗೊತ್ತಾಗಿಬಿಡುತ್ತದೆ.

ಪಾಠಕ್ಕೆ ಮೊದಲೇ ಪ್ರಶ್ನೆ ಕಳಿಸುವ ಈ ಪದ್ಧತಿಯನ್ನು 1990ರ ದಶಕದಲ್ಲಿ ಶುರು ಮಾಡಿದವರು ನಿಮ್ಮ ಹಾಗೆ ಭೌತಶಾಸ್ತ್ರದ ಮೇಷ್ಟ್ರುಗಳೇ. ಅಮೆರಿಕದ ಇಂಡಿಯಾನಾಪೊಲಿಸ್‌ನ ಗ್ರೆಗರ್ ನೊವಾಕ್ ಮತ್ತು ಜೊತೆಯವರು. 'ಜಸ್ಟ್ ಇನ್ ಟೈಮ್ ಟೀಚಿಂಗ್' ಅಂತ ಹೆಸರಿಟ್ಟರು. ಅಲ್ಲೂ ಬಹಳ ವಿದ್ಯಾರ್ಥಿಗಳು ದಿನಾ ಓಡಾಡಿಕೊಂಡು ಓದುವವರು, ಮಾನ್ವಿ, ಮಸ್ಕಿಯಿಂದ ಬಸ್ಸು ಹಿಡಿದು ಬರುವ ನಮ್ಮವರ ಹಾಗೇ. ಉತ್ತರಗಳು ಕ್ಲಾಸಿಗೆ ಕೆಲವೇ ಗಂಟೆ ಮುಂಚೆ ಬರುತ್ತಿದ್ದವು, ಮೇಷ್ಟ್ರು ಅವನ್ನು ಓದಿಕೊಂಡೇ ಒಳಗೆ ಹೋಗುತ್ತಿದ್ದರು.

ಇನ್ನು ಏನು ಕೇಳಬೇಕು ಅನ್ನುವುದು. ಬಳ್ಳಾರಿಯಲ್ಲಿ ಪಾಠ ಮಾಡುವಾಗ ನಾನು ಮೊದಲ ಸಲ ಕಳಿಸಿದ್ದು 'ಆವೀಕರಣ ಎಂದರೇನು?' ಅಂತ. ನಲವತ್ತು ಉತ್ತರ ಬಂದವು, ನಲವತ್ತರಲ್ಲೂ ಒಂದೇ ಕಾಗುಣಿತದ ತಪ್ಪು! ವಾಟ್ಸಾಪ್ ಗ್ರೂಪಿನಲ್ಲಿ ಹಂಚಿಕೊಂಡಿದ್ದರು. ಮಕ್ಕಳನ್ನು ಬೈದು ಏನು ಬಂತು, ನಾನು ಕೇಳಿದ್ದೇ ಹಾಗಿತ್ತು. ಮುಂದಿನ ವಾರ ಬೇರೆ ಕೇಳಿದೆ: ಏಪ್ರಿಲ್‌ನಲ್ಲಿ ನಮ್ಮೂರಲ್ಲಿ ಮಣ್ಣಿನ ಗಡಿಗೆಯ ನೀರು ತಣ್ಣಗಿರುತ್ತದೆ, ಅದೇ ಗಡಿಗೆಯನ್ನು ಮಂಗಳೂರಿಗೆ ಒಯ್ದರೆ ಅಷ್ಟು ತಣ್ಣಗಾಗುವುದಿಲ್ಲ, ಯಾಕೆ? 'ಮಣ್ಣಿನ ಗುಣವೇ ತಂಪು' ಅಂತ ಒಂದು ಉತ್ತರ. 'ಮಂಗಳೂರಲ್ಲಿ ಬಿಸಿಲು ಜಾಸ್ತಿ' ಅಂತ ಇನ್ನೊಂದು (ಬಳ್ಳಾರಿ ಬಿಸಿಲಲ್ಲಿ ಬೆಳೆದ ಹುಡುಗ ಬರೆದದ್ದು ಇದು!). ಎರಡನ್ನೂ ಹೆಸರು ಹೇಳದೆ ಬೋರ್ಡಿಗೆ ಹಾಕಿ, ಪಕ್ಕದವರ ಜೊತೆ ಐದು ನಿಮಿಷ ವಾದ ಮಾಡಿ ಅಂದೆ. ಮಣ್ಣೇ ತಂಪಾದರೆ ಖಾಲಿ ಗಡಿಗೆ ಯಾಕೆ ಅಷ್ಟು ತಣ್ಣಗಿರಲ್ಲ ಅಂತ ಹಿಂದಿನ ಬೆಂಚಿನಿಂದ ಬಂತು. ಆಮೇಲೆ ನನಗೆ ಉಳಿದದ್ದು ಸ್ವಲ್ಪವೇ. ಗಡಿಗೆಯಿಂದ ಜಿನುಗಿ ಆರುವ ಒಂದೊಂದು ಗ್ರಾಂ ನೀರೂ ಸುಮಾರು 580 ಕ್ಯಾಲರಿ ಶಾಖ ಎಳೆದುಕೊಂಡು ಹೋಗುತ್ತದೆ, ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ಇರುವುದರಿಂದ ಅಲ್ಲಿ ನೀರು ಬೇಗ ಆರುವುದಿಲ್ಲ, ಅಷ್ಟೇ ಅಲ್ವಾ?

ಎರಡು ಪ್ರಶ್ನೆ ಸಾಕು. ಕೊನೆಗೆ 'ಯಾವುದು ಅರ್ಥವಾಗಲಿಲ್ಲ?' ಅಂತ ಒಂದು ಸೇರಿಸಿ. ರಾತ್ರಿ ಹತ್ತಕ್ಕೆ ಫಾರ್ಮ್ ಮುಚ್ಚಿ, ಬೆಳಿಗ್ಗೆ ಚಹಾ ಕುಡಿಯುತ್ತಾ ಅರವತ್ತರ ಮೇಲೂ ಕಣ್ಣಾಡಿಸಿ ಮೂರ್ನಾಲ್ಕು ಆರಿಸಿಕೊಳ್ಳಿ. ಮಾರ್ಕ್ಸ್ ಕೊಡುವುದಾದರೆ ಯೋಚನೆ ಮಾಡಿ ಬರೆದದ್ದಕ್ಕೆ ಕೊಡಿ. ಸರಿ ಉತ್ತರಕ್ಕೆ ಕೊಟ್ಟರೆ ಮತ್ತೆ ವಾಟ್ಸಾಪ್ ಗ್ರೂಪೇ ಗತಿ.

ಪ್ರಶ್ನೆ: ಮನೆಗೆ ಒಂದೇ ಫೋನು, ಅದನ್ನೂ ಅಪ್ಪ ಹೊಲಕ್ಕೆ ಒಯ್ಯುತ್ತಾರೆ. ನಾನು ಉತ್ತರ ಕಳಿಸುವುದು ಹೇಗೆ?
– ವಿದ್ಯಾರ್ಥಿನಿ, ಕುಷ್ಟಗಿ

ಉತ್ತರ: ಹಿಂದಿನ ದಿನವೇ ಪ್ರಶ್ನೆಯನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಡಿ ಅಂತ ನಿಮ್ಮ ಸರ್‌ಗೆ ಕೇಳಮ್ಮ. ಚೀಟಿಯಲ್ಲಿ ಬರೆದು ಬೆಳಿಗ್ಗೆ ಮೊದಲ ಬೆಲ್‌ಗೆ ಮುಂಚೆ ಸ್ಟಾಫ್ ರೂಮಿನಲ್ಲಿ ಕೊಟ್ಟುಬಿಡು. ನಾಲ್ಕು ಸಾಲು ಸಾಕು.