ಸರ್ಪಸುತ್ತಿಗೆ ಗರಿಕೆ ರಸ ಸಾಕೇ?

ಪ್ರಶ್ನೆ: ನಮ್ಮ ತಂದೆಗೆ 64 ವರ್ಷ. ಸಕ್ಕರೆ ಕಾಯಿಲೆ ಇದೆ. ನಾಲ್ಕು ದಿನದಿಂದ ಎಡಪಕ್ಕೆ ಉರಿ ಅನ್ನುತ್ತಿದ್ದರು, ನಿನ್ನೆ ಗುಳ್ಳೆ ಎದ್ದಿವೆ. ಸರ್ಪಸುತ್ತು ಅಂತ ಊರಿನವರು ಕೆಮ್ಮಣ್ಣು ಬಳಿದು, ಗರಿಕೆ ರಸ ಹಚ್ಚೋಕೆ ಹೇಳಿದ್ದಾರೆ. ತಲೆ ಬಾಲ ಕೂಡಿದರೆ ಜೀವ ಉಳಿಯಲ್ಲ ಅಂತಲೂ ಹೆದರಿಸಿದ್ದಾರೆ. ಹೆರಿಗೆಗೆ ಬಂದಿರುವ ತಂಗಿಯೂ ಮನೆಯಲ್ಲಿದ್ದಾಳೆ. ನಾಟಿ ಮದ್ದು ಸಾಕೇ?
— ಓದುಗರು, ಮದ್ದೂರು ತಾಲ್ಲೂಕು

ಉತ್ತರ: ನಿಮ್ಮ ತಂದೆಯನ್ನು ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂತ ನಿಮಗೆ ಫೋನಿನಲ್ಲೇ ಹೇಳಿದ್ದೇನೆ. ಉಳಿದವರಿಗೂ ತಿಳಿಯಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಹೆದರಿಕೆ ಬಿಡಿ. ಚಿಕ್ಕಂದಿನಲ್ಲಿ ಅಮ್ಮ ಎದ್ದಿತ್ತು ಅಂತೀವಲ್ಲ, ಅದೇ ಚಿಕನ್ ಪಾಕ್ಸ್ ವೈರಸ್ ನರದ ಬುಡದಲ್ಲಿ ವರ್ಷಗಟ್ಟಲೆ ಸುಮ್ನೆ ಮಲಗಿರುತ್ತದೆ. ವಯಸ್ಸಾಗಿ ಮೈಯ ಶಕ್ತಿ ಕುಗ್ಗಿದಾಗ ಮತ್ತೆ ಏಳುತ್ತದೆ. ಇದನ್ನೇ ನಾವು ಹರ್ಪಿಸ್ ಜಾಸ್ಟರ್ ಅನ್ನುತ್ತೇವೆ. ಒಂದು ನರ ಹೋದ ದಾರಿಯಲ್ಲೇ ಗುಳ್ಳೆ ಏಳುವುದರಿಂದ ಹಾವು ಸುತ್ತಿದ ಹಾಗೆ ಕಾಣುತ್ತದೆ. ಆ ನರ ಮೈಯ ಒಂದೇ ಪಕ್ಕಕ್ಕೆ ಸೇರಿದ್ದು. ಹಾಗಾಗಿ ಗುಳ್ಳೆಯ ಸಾಲು ಬೆನ್ನುಮೂಳೆ ಹತ್ತಿರ ಶುರುವಾಗಿ ಹೊಟ್ಟೆಯ ನಡುವಿಗೆ ನಿಂತುಬಿಡುತ್ತದೆ. ತಲೆ ಬಾಲ ಕೂಡುವ ಮಾತೇ ಇಲ್ಲ.

ಭಯ ಪಡಬೇಕಾದ್ದು ದಿನ ಕಳೆಯುವುದಕ್ಕೆ. ಗುಳ್ಳೆ ಎದ್ದ 72 ಗಂಟೆಯೊಳಗೆ ಅಸೈಕ್ಲೋವಿರ್‌ನಂಥ ಮಾತ್ರೆ ಶುರುವಾದರೆ ಗುಳ್ಳೆ ಬೇಗ ಒಣಗುತ್ತದೆ, ನೋವೂ ಬೇಗ ಇಳಿಯುತ್ತದೆ. ಸಾಮಾನ್ಯವಾಗಿ 800 ಮಿಲಿಗ್ರಾಂ, ದಿನಕ್ಕೆ ಐದು ಸಲ, ಏಳು ದಿನ. ಮೂತ್ರಪಿಂಡದ ತೊಂದರೆ ಇದ್ದರೆ ಪ್ರಮಾಣ ಇಳಿಸಬೇಕು, ಆದ್ದರಿಂದ ನೀವೇ ಅಂಗಡಿಯಲ್ಲಿ ಕೊಳ್ಳಬೇಡಿ. ನಿಮ್ಮ ತಂದೆಗೆ ಉರಿ ನಾಲ್ಕು ದಿನದ್ದಾದರೂ ಗುಳ್ಳೆ ನಿನ್ನೆಯದು. ಅಂದರೆ ಇನ್ನೂ ಸಮಯವಿದೆ.

ಕೆಮ್ಮಣ್ಣು ಮಾತ್ರ ಬೇಡವೇ ಬೇಡ. ವಾರ ಕಳೆದ ಮೇಲೆ ನನ್ನ ಹತ್ತಿರ ಬರುವವರ ಪಕ್ಕೆಯಲ್ಲಿ ಮಣ್ಣು ಹೆಂಟೆಗಟ್ಟಿರುತ್ತದೆ. ಉಗುರುಬೆಚ್ಚನೆ ನೀರಿನಲ್ಲಿ ಹತ್ತಿ ಅದ್ದಿ, ನೆನೆಸಿ ನೆನೆಸಿ ಬಿಡಿಸಬೇಕು. ಬಿಡಿಸಿದರೆ ಒಳಗೆ ಕೀವು. ಅವರು ಹಲ್ಲು ಕಚ್ಚಿಕೊಂಡು ಕೂತಿರುವುದನ್ನು ನೋಡಿದರೆ ಸಂಕಟವಾಗುತ್ತದೆ. ಎಕ್ಕದ ಹಾಲು ಇನ್ನೂ ಕೆಟ್ಟದ್ದು. ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ.

ಗರಿಕೆ ರಸ ತಂಪು ಅನ್ನಿಸಬಹುದು, ಆದರೆ ವೈರಸ್ಸನ್ನು ತಡೆಯುವ ಕೆಲಸ ಅದರಿಂದ ಆಗದು. ಬದುವಿನಿಂದ ಕಿತ್ತು ತಂದ ಗರಿಕೆಯನ್ನು ಒಡೆದ ಗುಳ್ಳೆಗೆ ಹಚ್ಚಿದರೆ ಸೋಂಕು ಗ್ಯಾರಂಟಿ ಅಂತಲೇ ಇಟ್ಟುಕೊಳ್ಳಿ. ತಂಪು ಬೇಕೆಂದರೆ ಶುದ್ಧ ನೀರಿನ ಒದ್ದೆ ಬಟ್ಟೆ ಸಾಕು. ಲೋಳೆಸರದ ತಿರುಳನ್ನು, ಹಳದಿ ಹಾಲು ಪೂರ್ತಿ ತೊಳೆದು, ಒಡೆಯದ ಗುಳ್ಳೆಗೆ ಮಾತ್ರ ತೆಳ್ಳಗೆ ಹಚ್ಚಬಹುದು. ಆಯುರ್ವೇದದ ಮೇಲೆ ನಂಬಿಕೆ ಇದ್ದರೆ ಮೈಸೂರಿನ ಸರ್ಕಾರಿ ಆಯುರ್ವೇದ ಆಸ್ಪತ್ರೆಯಲ್ಲಿ ಓದಿದ ವೈದ್ಯರೇ ಇದ್ದಾರೆ. ಆದರೆ ಮಾತ್ರೆ ಬಿಟ್ಟು ಹೋಗಬೇಡಿ, ಮಾತ್ರೆಯ ಜೊತೆಗೆ ಹೋಗಿ.

ಗಿಡಮೂಲದ ಒಂದು ಮದ್ದನ್ನು ನಾವೂ ಬರೆದುಕೊಡುತ್ತೇವೆ, ಗೊತ್ತಾ? ಗುಳ್ಳೆ ಮಾಗಿದ ಮೇಲೂ ಕೆಲವರಿಗೆ, ಅದರಲ್ಲೂ ವಯಸ್ಸಾದವರಿಗೆ, ತಿಂಗಳುಗಟ್ಟಲೆ ನರದ ನೋವು ಉಳಿಯುತ್ತದೆ. ಅಂಗಿ ತಾಗಿದರೂ ಉರಿ. ಅದಕ್ಕೆ ಮೆಣಸಿನಕಾಯಿಯ ಖಾರದಿಂದ ತೆಗೆದ ಕ್ಯಾಪ್ಸೈಸಿನ್ ಮುಲಾಮು ಇದೆ. ಗಾಯ ಪೂರ್ತಿ ಮುಚ್ಚಿದ ಮೇಲಷ್ಟೇ ಹಚ್ಚಬೇಕು. ಮನೆಯಲ್ಲಿ ಖಾರ ಅರೆದು ಹಚ್ಚಬೇಡಿ.

ಹಣೆ, ರೆಪ್ಪೆ ಅಥವಾ ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ಅದೇ ದಿನ ಕಣ್ಣಿನ ಡಾಕ್ಟರನ್ನು ನೋಡಬೇಕು. ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ ಎರಡೂ ನಿಮಗೆ ಹತ್ತಿರವೇ ಅಲ್ವಾ?

ಇನ್ನು ನಿಮ್ಮ ತಂಗಿ. ಗುಳ್ಳೆಯ ನೀರಿನಿಂದ ಈ ವೈರಸ್ ಅವರಿಗೂ ಅಂಟಬಹುದು. ಅವರಿಗೆ ಮೊದಲೇ ಚಿಕನ್ ಪಾಕ್ಸ್ ಬಂದು ಹೋಗಿದ್ದರೆ ಚಿಂತೆ ಇಲ್ಲ. ಬಂದಿಲ್ಲ, ಅಥವಾ ನೆನಪಿಲ್ಲ ಅಂದರೆ ಗುಳ್ಳೆ ಒಣಗಿ ಹಕ್ಕಳೆ ಕಟ್ಟುವವರೆಗೆ ತಂದೆಯ ಟವೆಲ್, ಹಾಸಿಗೆ ಮುಟ್ಟದೆ ದೂರ ಇರಲಿ. ಗುಳ್ಳೆಯ ಮೇಲೆ ಸಡಿಲವಾಗಿ ಬಟ್ಟೆ ಮುಚ್ಚಿರಲಿ. ಆಗಲೇ ಮುಟ್ಟಿದ್ದರೆ ಹೆರಿಗೆ ಡಾಕ್ಟರಿಗೆ ಇವತ್ತೇ ತಿಳಿಸಿ.